ಕಾಲಿನ ನೋವು ಬೆನ್ನಿಗೆ ಮರಳಿದರೆ

ಸೊಂಟದಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೂ ಚಳಕ್ಕೆಂದು ಇಳಿಯುವ ನೋವೇ ಸಯಾಟಿಕಾ. ನೋಯುವುದು ಕಾಲಾದರೂ ಹೆಚ್ಚಿನವರಲ್ಲಿ ಮೂಲವಿರುವುದು ಬೆನ್ನಿನ ಕೆಳಭಾಗದಲ್ಲಿ. ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರ ಅಲ್ಲಿನ ಐದು ಬೇರುಗಳು ಕೂಡಿ ಆದದ್ದು. ಬೆನ್ನೆಲುಬಿನ ಡಿಸ್ಕ್ ಹೊರಚಾಚಿ ಒಂದು ಬೇರನ್ನು ಒತ್ತಿ ಕೆರಳಿಸಿದರೆ, ಆ ಬೇರಿನ ದಾರಿಯುದ್ದಕ್ಕೂ ನೋವು, ಜೋಮು.

ನುರಿತ ಫಿಸಿಯೋಥೆರಪಿಸ್ಟ್ ಮೊದಲು ಕೇಳಿ ತಿಳಿಯುತ್ತಾರೆ: ಕೂತರೆ ಹೆಚ್ಚೋ, ನಡೆದರೋ? ಕೆಮ್ಮಿದಾಗ ಕಾಲಿಗೆ ಹೊಡೆಯುತ್ತದೆಯೇ? ಆಮೇಲೆ ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಹಿಮ್ಮಡಿ ಹಿಡಿದು ಕಾಲನ್ನು ನಿಧಾನವಾಗಿ ಎತ್ತುತ್ತಾರೆ. 30ರಿಂದ 70 ಡಿಗ್ರಿಯೊಳಗೆ ನೋವು ಮಂಡಿಯ ಕೆಳಗೆ ಹರಿದರೆ ನರದ ಬೇರಿನ ಮೇಲೆ ಅನುಮಾನ. ‘ಹೆಬ್ಬೆರಳು ಮೇಲೆತ್ತಿ ಹಿಡಿಯಿರಿ’ ಎಂದು ಅದನ್ನು ಕೆಳಕ್ಕೊತ್ತುತ್ತಾರೆ. ಬೆರಳು ಸೋತರೆ ಯಾವ ಬೇರು ಬಳಲಿದೆ ಎಂಬ ಸುಳಿವು ಸಿಗುತ್ತದೆ.

ಚಿಕಿತ್ಸೆಯ ಒಂದು ದಾರಿ ತೆರೆದದ್ದು ಹೀಗೆ: 1956ರಲ್ಲಿ ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯವರ ರೋಗಿಯೊಬ್ಬರು, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ತಪ್ಪಿ ಬೋರಲು ಮಲಗಿಬಿಟ್ಟರು. ಬೆನ್ನು ಹಿಂದಕ್ಕೆ ಬಾಗಿತ್ತು. ಕೆಲವೇ ನಿಮಿಷಗಳಲ್ಲಿ ಕಾಲಿನ ನೋವು ಮಾಯವಾಗಿತ್ತು. ಮೆಕೆಂಜಿ ಅದನ್ನು ಆಕಸ್ಮಿಕವೆಂದು ಬಿಡದೆ, ಯಾವ ಚಲನೆಗೆ ನೋವು ಎತ್ತ ಸರಿಯುತ್ತದೆಂದು ವರ್ಷಗಟ್ಟಲೆ ಗಮನಿಸಿ ಒಂದು ಪದ್ಧತಿಯನ್ನೇ ಕಟ್ಟಿದರು. ಬೋರಲು ಮಲಗುವುದು, ಮೊಣಕೈ ಊರುವುದು, ಅಂಗೈ ಊರಿ ಎದೆ ಎತ್ತುವುದು ಅದರ ಮುಖ್ಯ ವ್ಯಾಯಾಮಗಳು. ಪಾದದ ನೋವು ತೊಡೆಗೆ, ತೊಡೆಯದು ಸೊಂಟಕ್ಕೆ ಹಿಂದೆಗೆದರೆ ಒಳ್ಳೆಯ ಲಕ್ಷಣ, ಸೊಂಟ ತುಸು ಹೆಚ್ಚು ನೊಂದರೂ ಸರಿ. ನೋವು ಕೆಳಗಿಳಿದರೆ ಆ ವ್ಯಾಯಾಮ ನಿಲ್ಲಿಸಬೇಕು.

ಎಲ್ಲರಿಗೂ ಒಂದೇ ಮದ್ದಿಲ್ಲ. ನರದ ದಾರಿ ಕಿರಿದಾದ ವಯಸ್ಸಾದವರಿಗೆ ಹಿಂದಕ್ಕೆ ಬಾಗಿದರೆ ನೋವು ಹೆಚ್ಚಬಹುದು, ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ಆದ್ದರಿಂದ ಯೂಟ್ಯೂಬ್ ನೋಡಿ ವ್ಯಾಯಾಮ ಆರಿಸಿಕೊಳ್ಳಬೇಡಿ. ದಿನವಿಡೀ ಹಾಸಿಗೆ ಹಿಡಿಯಲೂ ಬೇಡಿ. ಆಗುವಷ್ಟು ನಡೆಯಿರಿ, ಒಂದೇ ಸಮನೆ ಕೂರದೆ ಆಗಾಗ ಎದ್ದೇಳಿ. ಬಹುಪಾಲು ಜನ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಾದರೆ, ಪಾದ ಎತ್ತಲಾಗದೆ ಜೋತುಬಿದ್ದರೆ ವ್ಯಾಯಾಮ ಮಾಡುತ್ತಾ ಕಾಯಬೇಡಿ. ಆಗ ತಕ್ಷಣ ಆಸ್ಪತ್ರೆಗೆ ಹೋಗಿ.