ಅಕ್ಕಿ ಗಿರಣಿಯ ಪ್ರಶ್ನೆ, ಹಲವು ದೇಶಗಳ ವಿದ್ಯಾರ್ಥಿಗಳು: ಅಲ್ಪಾವಧಿ ಅಧ್ಯಯನ ವಿನಿಮಯ

ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ಆಶ್ರಯಿಸಿರುವ ಸಿಂಧನೂರು ಭಾಗದಲ್ಲಿ ಭತ್ತವೇ ವ್ಯಾಪಾರದ ಜೀವಾಳ. ಭತ್ತ ಬಂದಲ್ಲಿ ಅಕ್ಕಿ ಗಿರಣಿ, ಗಿರಣಿ ಇದ್ದಲ್ಲಿ ತೌಡು, ಹೊಟ್ಟು, ಬೂದಿ. ಇವುಗಳ ವಿಲೇವಾರಿ, ಯಂತ್ರಗಳ ದಕ್ಷತೆ, ಹೊಸ ಮಾರುಕಟ್ಟೆಯ ಶೋಧ ಮುಂತಾದ ಪ್ರಶ್ನೆಗಳಿಗೆ ಪರಿಣತ ಸಲಹೆಗಾರರನ್ನು ನೇಮಿಸಿಕೊಳ್ಳುವ ಶಕ್ತಿ ಎಲ್ಲ ಸಣ್ಣ ಉದ್ದಿಮೆದಾರರಿಗೂ ಇರುವುದಿಲ್ಲ. ಇಂತಹ ಪ್ರಶ್ನೆಗಳನ್ನೇ ಪಾಠವಾಗಿ ಸ್ವೀಕರಿಸಿ, ಹಲವು ದೇಶಗಳ ವಿದ್ಯಾರ್ಥಿಗಳು ಕೂಡಿ ಅಧ್ಯಯನ ಮಾಡುವ ಪದ್ಧತಿಯೊಂದು ಇತ್ತೀಚಿನ ವರ್ಷಗಳಲ್ಲಿ ಬೆಳೆದುಬಂದಿದೆ. ಅದರ ಸ್ವರೂಪವೇನು, ಉದ್ದಿಮೆದಾರರಿಗೆ ಅದರಿಂದ ಪ್ರಯೋಜನ ದೊರೆಯಬೇಕಾದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪದ್ಧತಿಯ ಸ್ವರೂಪ

ವಿದೇಶ ವ್ಯಾಸಂಗವೆಂದರೆ ಒಂದೆರಡು ವರ್ಷಗಳ ವಾಸ ಮತ್ತು ಲಕ್ಷಾಂತರ ರೂಪಾಯಿ ವೆಚ್ಚ ಎಂಬುದು ಸಾಮಾನ್ಯ ತಿಳಿವಳಿಕೆ. ಅಲ್ಪಾವಧಿ ವಿನಿಮಯದಲ್ಲಿ ಹಾಗಲ್ಲ. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಮೊದಲು ಕೆಲವು ವಾರ ತಮ್ಮ ತಮ್ಮ ಊರಿನಲ್ಲಿಯೇ ಇದ್ದು, ಅಂತರಜಾಲದ ಮೂಲಕ ಮಿಶ್ರ ತಂಡಗಳಲ್ಲಿ ಕೆಲಸ ಮಾಡುತ್ತಾರೆ. ಬಳಿಕ ಒಂದೇ ಸ್ಥಳದಲ್ಲಿ ಕೆಲವು ದಿನ ಕೂಡಿ ಕೆಲಸವನ್ನು ಮುಂದುವರಿಸುತ್ತಾರೆ.

ಅಂತರಜಾಲದ ಮೂಲಕ ಎರಡು ದೇಶಗಳ ತರಗತಿಗಳನ್ನು ಜೋಡಿಸುವ ಕಾರ್ಯಕ್ಕೆಂದು ಅಮೆರಿಕದ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯವು 2006ರಲ್ಲಿಯೇ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಐರೋಪ್ಯ ಒಕ್ಕೂಟವು 2021ರಿಂದ 2027ರ ಅವಧಿಯ ತನ್ನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಇದಕ್ಕೆ ನಿಯಮಬದ್ಧ ರೂಪ ನೀಡಿದೆ. ಅದರಂತೆ ಕನಿಷ್ಠ 3 ದೇಶಗಳ 3 ಉನ್ನತ ಶಿಕ್ಷಣ ಸಂಸ್ಥೆಗಳು ಕೂಡಬೇಕು. ಮುಖಾಮುಖಿ ಹಂತ 5ರಿಂದ 30 ದಿನಗಳದ್ದಾಗಿರಬೇಕು. ಅಂತರಜಾಲದ ಹಂತ ಕಡ್ಡಾಯ. ಮನೆಯ ವ್ಯಾಪಾರವನ್ನು ವರ್ಷಗಟ್ಟಲೆ ಬಿಟ್ಟು ಹೋಗಲಾರದ ಕುಟುಂಬದ ಮಕ್ಕಳಿಗೂ ಈ ಬಗೆಯ ವ್ಯವಸ್ಥೆ ಎಟುಕುವಂಥದ್ದು.

ಹುಬ್ಬಳ್ಳಿಯ ನಿದರ್ಶನ

ಇದಕ್ಕೆ ಹತ್ತಿರವಾದ ಪ್ರಯೋಗ ಉತ್ತರ ಕರ್ನಾಟಕದಲ್ಲಿಯೇ ನಡೆದಿದೆ. 2010ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕೇಂದ್ರದ ವಿದ್ಯಾರ್ಥಿಗಳು ಹುಬ್ಬಳ್ಳಿಗೆ ಬಂದು, ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೊಡನೆ ಮಿಶ್ರ ತಂಡಗಳಲ್ಲಿ ಕುಳಿತು ಉದ್ಯಮಶೀಲತೆಯ ಪಾಠ ಕಲಿತರು. ಆ ಕಾಲೇಜು 2015ರಿಂದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಬೆಂಗಳೂರಿನಿಂದ ದೂರವಿರುವ ಊರುಗಳಲ್ಲಿಯೂ ಇಂತಹ ಕಾರ್ಯ ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಆದರೆ ಅತಿಥಿಗಳು ಊರಿನಲ್ಲಿರುವ ದಿನಗಳು ಕೆಲವೇ. ಆ ಅವಧಿಯಲ್ಲಿ ಗಿರಣಿಯನ್ನು ಅರಿಯುವುದಕ್ಕೇ ಅರ್ಧ ಸಮಯ ಕಳೆದರೆ ಪರಿಹಾರ ಹುಡುಕಲು ಸಮಯ ಉಳಿಯದು. ಅಂತರಜಾಲದ ಹಂತದ ಮಹತ್ವ ಇರುವುದು ಇಲ್ಲಿಯೇ.

ಪ್ರಶ್ನೆ ಚಿಕ್ಕದಿರಲಿ, ಲೆಕ್ಕ ಸಿದ್ಧವಿರಲಿ

ಉದ್ದಿಮೆದಾರರು ತಂಡದ ಮುಂದಿಡುವ ಪ್ರಶ್ನೆಯೇ ಇಡೀ ಕಾರ್ಯದ ಬುನಾದಿ. ಉದಾಹರಣೆಗೆ, ಗಂಟೆಗೆ 2 ಟನ್ ಭತ್ತ ಅರೆಯುವ ಗಿರಣಿ ದಿನಕ್ಕೆ 8 ಗಂಟೆ ನಡೆದರೆ 16 ಟನ್ ಭತ್ತ ಅರೆದಂತಾಯಿತು. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಎಂದರೆ 3 ಟನ್‌ಗೂ ಮಿಗಿಲು. ಅದಷ್ಟನ್ನೂ ಬಾಯ್ಲರ್‌ನಲ್ಲಿ ಉರಿಸಿದರೆ ಅದರ ಐದನೆಯ ಒಂದು ಪಾಲು, ಸುಮಾರು 6 ಕ್ವಿಂಟಲ್, ಬೂದಿಯಾಗಿ ಉಳಿಯುತ್ತದೆ. ಈ ಬೂದಿಯಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಸಿಮೆಂಟ್ ಮಿಶ್ರಣ ಮತ್ತು ಇಟ್ಟಿಗೆ ತಯಾರಿಕೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಗುಣಮಟ್ಟ ಉರಿಯ ಉಷ್ಣತೆಯನ್ನು ಅವಲಂಬಿಸಿದೆ. ಸರಿಯಾಗಿ ಉರಿಯದ ಬೂದಿಯಲ್ಲಿ ಇಂಗಾಲ ಉಳಿದು ಬಣ್ಣ ಕಪ್ಪಾಗುತ್ತದೆ.

'ಹೊಟ್ಟಿನಿಂದ ಲಾಭ ಪಡೆಯುವುದು ಹೇಗೆ?' ಎಂದು ಕೇಳಿದರೆ ಪುಸ್ತಕಗಳಲ್ಲಿರುವ ಮಾತೇ ಉತ್ತರವಾಗಿ ಬಂದೀತು. 'ಈ ಬಾಯ್ಲರ್‌ನ ಬೂದಿಯಲ್ಲಿ ಉಳಿಯುವ ಇಂಗಾಲವೆಷ್ಟು? ಇಟ್ಟಿಗೆ ತಯಾರಕರು ಒಪ್ಪುವ ಮಟ್ಟಕ್ಕೆ ಅದನ್ನು ತಗ್ಗಿಸಲು ಉರಿಯಲ್ಲಿ ಯಾವ ಬದಲಾವಣೆ ಬೇಕು?' ಎಂದು ಕೇಳಿದರೆ ತಂಡಕ್ಕೆ ಹಿಡಿಯಲು ಎಳೆ ಸಿಗುತ್ತದೆ. ಒಂದು ತಿಂಗಳ ಅರೆತದ ಲೆಕ್ಕ, ಬಾಯ್ಲರ್‌ನ ವಿಡಿಯೋ, ಬೂದಿಯ ಪ್ರಯೋಗಾಲಯ ವರದಿ ಇಷ್ಟನ್ನು ಅಂತರಜಾಲದ ಹಂತದಲ್ಲಿಯೇ ಒದಗಿಸಿದರೆ, ವಿದ್ಯಾರ್ಥಿಗಳು ಗಿರಣಿಗೆ ಬಂದ ದಿನದಿಂದಲೇ ಪರೀಕ್ಷೆಗೆ ತೊಡಗಬಹುದು.

ಗಮನಿಸಬೇಕಾದ ಅಂಶಗಳು

ವೇಳೆ: ಮುಂಗಾರು ಭತ್ತ ಗಿರಣಿಗೆ ಬರುವ ನವೆಂಬರ್-ಡಿಸೆಂಬರ್ ಹಾಗೂ ಎರಡನೆಯ ಬೆಳೆ ಬರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಮಾಲೀಕರಿಗೆ ಬಿಡುವಿರದು. ಈ ತಿಂಗಳುಗಳನ್ನು ಬಿಟ್ಟು ಭೇಟಿಯನ್ನು ಗೊತ್ತುಪಡಿಸುವುದು ಲೇಸು. ಭಾರತದಲ್ಲಿ ಸಂಜೆ 6.30 ಆದಾಗ ಜರ್ಮನಿಯಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2 ಗಂಟೆ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 8 ಗಂಟೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಹೀಗಾಗಿ ಸಂಜೆಯ ವೇಳೆಯೇ ಎಲ್ಲರಿಗೂ ಅನುಕೂಲ.

ಗೌಪ್ಯತೆ: ಗ್ರಾಹಕರ ಹೆಸರು, ಖರೀದಿ ದರ, ಸ್ವಂತ ಯಂತ್ರ ಸುಧಾರಣೆ ಇವುಗಳಲ್ಲಿ ಯಾವುದನ್ನು ಹಂಚಿಕೊಳ್ಳಬಹುದೆಂದು ಕಾಲೇಜಿನೊಡನೆ ಮೊದಲೇ ಲಿಖಿತ ಒಪ್ಪಂದವಾಗಬೇಕು. ಅರ್ಜಿ ಸಲ್ಲಿಸುವ ಮುನ್ನವೇ ಬಹಿರಂಗಗೊಂಡ ಸುಧಾರಣೆಗೆ ಪೇಟೆಂಟ್ ದೊರೆಯುವುದು ಕಷ್ಟ.

ವಸತಿ: ವಿದೇಶಿಯರಿಗೆ ವಸತಿ ನೀಡುವವರು 24 ಗಂಟೆಗಳೊಳಗೆ ಆ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಕಡ್ಡಾಯ. ಹೋಟೆಲ್‌ಗಳಂತೆ ಮನೆಗಳಿಗೂ ಇದು ಅನ್ವಯಿಸುತ್ತದೆ.

ಅತಿಥಿಗಳು ಹೊರಟ ಮೇಲೆ

ಉದ್ದಿಮೆದಾರರು ತೆರುವ ನಿಜವಾದ ಬೆಲೆ ಅವರ ಸಮಯ. ತಂಡ ತೆರಳಿದ ಬಳಿಕ ಕೆಲಸ ಮುಂದುವರಿಸುವವರಿಲ್ಲದಿದ್ದರೆ ವರದಿ ಕಪಾಟು ಸೇರುತ್ತದೆ, ಬೂದಿ ಹಿತ್ತಲಿನಲ್ಲಿಯೇ ಉಳಿಯುತ್ತದೆ. ಆದುದರಿಂದ ತಂಡದಲ್ಲಿ ಸ್ಥಳೀಯ ವಿದ್ಯಾರ್ಥಿಗಳಿರುವುದು ಅತ್ಯಗತ್ಯ. ಬಾಯ್ಲರ್ ನಡೆಸುವವರ ಮಾತನ್ನು ಅರಿತು ವಿದೇಶಿ ಸಹಪಾಠಿಗಳಿಗೆ ತಿಳಿಸಬಲ್ಲವರೂ, ಮುಂದಿನ ಸುಗ್ಗಿಯಲ್ಲಿ ಬಂದು ಫಲಿತಾಂಶವನ್ನು ಅಳೆಯಬಲ್ಲವರೂ ಅವರೇ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಶಿಕ್ಷಣವಿದೆ. 2019ರಲ್ಲಿ ಆರಂಭವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಅದೇ ನಗರದಲ್ಲಿದೆ. ಇಂತಹ ಸಂಸ್ಥೆಗಳ ಪ್ರಾಧ್ಯಾಪಕರ ಮುಂದೆ ಲೆಕ್ಕಸಹಿತವಾದ ಒಂದು ಚಿಕ್ಕ ಪ್ರಶ್ನೆಯನ್ನಿಡುವುದು ವರ್ತಕ ಬಾಂಧವರ ಮೊದಲ ಹೆಜ್ಜೆಯಾಗಬಹುದು. ವಿದೇಶಿ ತಂಡ ಬರುವುದು ತಡವಾದರೂ ಆ ಲೆಕ್ಕ ಗಿರಣಿಯ ಉಪಯೋಗಕ್ಕೆ ಬಂದೇ ಬರುತ್ತದೆ.