ಹುಳುವಿಗೂ ಲಸಿಕೆಯುಂಟೆ?

ಕೋಲಾರ, ಮಾಲೂರು, ಮುಳಬಾಗಿಲುಗಳ ತರಕಾರಿ ಹೊಲಗಳಲ್ಲಾಗಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಾಗಲಿ, ಮಲ ಸೇರಿದ ತೇವದ ಮಣ್ಣಿನಲ್ಲಿ ಬರಿಗಾಲಿನಿಂದ ನಡೆದರೆ ಕೊಕ್ಕೆಹುಳುವಿನ ಮರಿ ಪಾದದ ಚರ್ಮವನ್ನು ಕೊರೆದು ಒಳಹೊಕ್ಕೀತು. ಬಳಿಕ ಅದು ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಗುಳಿಗೆಯು ಒಳಗಿರುವ ಹುಳುವನ್ನು ಕೊಲ್ಲುವುದೇ ಹೊರತು ನಾಳೆ ಬರುವುದನ್ನು ತಡೆಯಲಾರದು.

ತಡೆಯುವ ಲಸಿಕೆಯುಂಟೆ ಎಂದು ವಾಚಕರು ಕೇಳಬಹುದು. ದನಗಳಿಗುಂಟು. ಅವುಗಳ ಶ್ವಾಸಕೋಶದ ಹುಳುವಿಗೆ ಗ್ಲಾಸ್ಗೋವಿನ ವಿಜ್ಞಾನಿಗಳು ರೂಪಿಸಿದ ಲಸಿಕೆ 1959ರಲ್ಲಿಯೇ ಬಳಕೆಗೆ ಬಂದಿತು. ಕ್ಷ-ಕಿರಣಗಳಿಂದ ದುರ್ಬಲವಾದ ಮರಿಹುಳುಗಳನ್ನು ಕರುವಿಗೆ ಕುಡಿಸುತ್ತಾರೆ. ಅವು ಬೆಳೆದು ರೋಗ ತರಲಾರವು. ಅಷ್ಟರಲ್ಲಿ ದೇಹವು ಶತ್ರುವಿನ ಗುರುತು ಹಿಡಿದಿರುತ್ತದೆ.

ಮನುಷ್ಯನ ಕೊಕ್ಕೆಹುಳುವಿನ ಲಸಿಕೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಅದು ಕೈಗೆಟುಕುವವರೆಗೆ ಗುಳಿಗೆ, ಶೌಚಾಲಯ, ಕಾಲಿಗೊಂದು ಮೆಟ್ಟು ಇವೇ ನಮಗೆ ರಕ್ಷೆ.