ಕಸಿಯಾದ ಮೇಲೂ ಮಾಯದ ಗಾಯ

ಮನುಷ್ಯನ ಕಣ್ಣಿಗೆ ಯಶಸ್ವಿಯಾಗಿ ಕೂಡಿಕೊಂಡ ಮೊದಲ ಪೂರ್ಣ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ) ಕಸಿ ನಡೆದದ್ದು 1905ರ ಡಿಸೆಂಬರ್ 7ರಂದು, ಮೊರಾವಿಯಾದ ಓಲೊಮೊಟ್ಸ್ ಊರಿನಲ್ಲಿ. ಸುಣ್ಣ ಬಿದ್ದು ಕುರುಡಾಗಿದ್ದ ಕೂಲಿಕಾರನಿಗೆ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಬಾಲಕನೊಬ್ಬನ ಕಾರ್ನಿಯಾವನ್ನು ಎರಡೂ ಕಣ್ಣಿಗೆ ಕೂರಿಸಿದರು. ಒಂದು ಕಣ್ಣಿನ ಕಸಿ ವಿಫಲವಾಯಿತು, ಇನ್ನೊಂದು ತಿಳಿಯಾಗಿ ಉಳಿಯಿತು. ದಾನಿಯೊಬ್ಬನೇ, ವೈದ್ಯರೊಬ್ಬರೇ, ಫಲ ಮಾತ್ರ ಎರಡು ಬಗೆ. ಇಂಥ ಫಲಕ್ಕೆ ಕಾರಣಗಳು ಹಲವು ಇರಬಹುದು. ಆದರೂ ಕಸಿಯ ಹಣೆಬರಹವನ್ನು ದಾನಿಯ ಕಾರ್ನಿಯಾದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದನ್ನು ಪಡೆದ ಕಣ್ಣೇ ಬರೆಯುತ್ತದೆ ಎಂಬುದನ್ನು ಆಮೇಲಿನ ನೂರು ವರ್ಷಗಳ ಅನುಭವ ತೋರಿಸಿದೆ.

ಕಾರ್ನಿಯಾದ ಮೇಲುಪದರ ಬಹಳ ತೆಳು, ಸುಮಾರು 50 ಮೈಕ್ರಾನ್. ದಾನಿಯಿಂದ ಬಂದ ಈ ಪದರ ಬಹುಕಾಲ ಬಾಳುವುದಿಲ್ಲ. ರೋಗಿಯ ಸ್ವಂತ ಜೀವಕೋಶಗಳು ಅಂಚಿನಿಂದ ಹರಿದುಬಂದು ಕಸಿಯನ್ನು ಹೊದಿಸಬೇಕು. ಅವು ಹುಟ್ಟುವುದು ಕಾರ್ನಿಯಾ ಮತ್ತು ಬಿಳಿಗುಡ್ಡೆ ಸಂಧಿಸುವ ಲಿಂಬಸ್ ಎಂಬ ಅಂಚಿನಲ್ಲಿ. ಡವಾಂಜರ್ ಮತ್ತು ಎವೆನ್ಸನ್ 1971ರಲ್ಲಿ ಇದನ್ನು ಸೂಚಿಸಿದರು. ಅಲ್ಲಿ ಆಕರಕೋಶಗಳಿವೆ (ಸ್ಟೆಮ್ ಸೆಲ್) ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1980ರ ದಶಕದಲ್ಲಿ. ಸುಣ್ಣವೋ ಆಸಿಡ್ಡೋ ಆ ಅಂಚನ್ನು ಸುಟ್ಟಿದ್ದರೆ, ಒಣಗಿದ ಬೇರಿಗೆ ಹೊಸ ಕೊಂಬೆ ಕಟ್ಟಿದಂತೆ, ಎಷ್ಟು ಒಳ್ಳೆಯ ಕಸಿಯೂ ನಿಲ್ಲದು. ಇನ್ನೊಂದು ತೊಡಕು ನರಗಳದು. ಕಾರ್ನಿಯಾವನ್ನು ವೃತ್ತಾಕಾರವಾಗಿ ಕತ್ತರಿಸುವಾಗ ಅದರ ಸೂಕ್ಷ್ಮ ನರಗಳೂ ತುಂಡಾಗುತ್ತವೆ. ಆ ನರಗಳು ನೋವನ್ನಷ್ಟೇ ತಿಳಿಸುವುದಿಲ್ಲ, ಮೇಲುಪದರವನ್ನು ಪೋಷಿಸುತ್ತವೆ, ರೆಪ್ಪೆ ಮಿಟುಕಿಸುತ್ತವೆ, ಕಣ್ಣೀರು ತರಿಸುತ್ತವೆ. ಒಣಗಣ್ಣು, ಸರಿಯಾಗಿ ಮುಚ್ಚದ ರೆಪ್ಪೆ, ಡ್ರಾಪ್ಸ್‌ನೊಳಗಿನ ಸಂರಕ್ಷಕ ರಾಸಾಯನಿಕ ಇವೂ ಸೇರಿಕೊಂಡರೆ, ಕೆಲವೇ ದಿನಗಳಲ್ಲಿ ಮುಚ್ಚಬೇಕಾದ ಗಾಯ ವಾರಗಟ್ಟಲೆ ತೆರೆದೇ ಇರುತ್ತದೆ.

ಚಿಕಿತ್ಸೆಯ ಚರಿತ್ರೆ ಈ ತಿಳಿವಳಿಕೆಯ ಹಿಂದೆಯೇ ನಡೆದುಬಂದಿದೆ. ಬ್ಯಾಂಡೇಜ್ ಲೆನ್ಸ್, ರೆಪ್ಪೆಗಳನ್ನು ಕೂಡಿಸಿ ಹಾಕುವ ಹೊಲಿಗೆ ಇವು ಗಾಯವನ್ನು ಕಾಯುವ ಕ್ರಮಗಳು, ಇಂದಿಗೂ ಬೇಕು. ಆಮೇಲಿನವು ಗಾಯಕ್ಕೆ ಉಣಿಸುವ ಕ್ರಮಗಳು. ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆಯನ್ನು ಡಿ ರಾಥ್ 1940ರಲ್ಲೇ ಕಣ್ಣಿಗೆ ಬಳಸಿದ್ದರು; ಕಿಮ್ ಮತ್ತು ತ್ಸೆಂಗ್ 1995ರಲ್ಲಿ ಅದನ್ನು ಮತ್ತೆ ಮುನ್ನೆಲೆಗೆ ತಂದರು. 1999ರಲ್ಲಿ ಜಪಾನಿನ ತ್ಸುಬೋಟಾ ತಂಡ ರೋಗಿಯ ಸ್ವಂತ ರಕ್ತದ ಸೀರಂ ಹನಿಗಳಿಂದ ಇಂಥ ಗಾಯಗಳು ಮಾಯುವುದನ್ನು ವರದಿ ಮಾಡಿತು. ನನಗೆ ಇವೆಲ್ಲಕ್ಕಿಂತ ಮನಮುಟ್ಟುವುದು ನರಪೋಷಕ ಪ್ರೋಟೀನಿನ ಕಥೆ. ಯೆಹೂದಿಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ರೀಟಾ ಲೆವಿ-ಮೊಂಟಾಲ್ಚಿನಿ ಯುದ್ಧಕಾಲದ ಇಟಲಿಯಲ್ಲಿ ಮಲಗುವ ಕೋಣೆಯಲ್ಲೇ ಕೋಳಿಭ್ರೂಣಗಳ ನರಗಳನ್ನು ಅಭ್ಯಾಸ ಮಾಡಿದರು. ಆ ಹಾದಿಯಲ್ಲಿ ಮುಂದೆ ಅಮೆರಿಕದಲ್ಲಿ ಕಂಡುಕೊಂಡ ಪ್ರೋಟೀನಿಗೆ 1986ರಲ್ಲಿ ನೊಬೆಲ್ ಬಂತು. 1998ರಲ್ಲಿ ಇಟಲಿಯ ವೈದ್ಯರು ಅದನ್ನೇ ಸ್ಪರ್ಶ ಕಳೆದುಕೊಂಡ ಕಾರ್ನಿಯಾದ ಹುಣ್ಣುಗಳಿಗೆ ಹನಿಯಾಗಿಸಿದರು. 2018ರಲ್ಲಿ ಸೆನೆಜರ್ಮಿನ್ ಎಂಬ ಹೆಸರಿನಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು.

ಕಸಿಗೆ ದೊಡ್ಡ ಶತ್ರು ದೇಹದ ತಿರಸ್ಕಾರ, ಮೇಲಿನ ಗಾಯವಲ್ಲ ಎನ್ನುವವರಿದ್ದಾರೆ. ತಿರಸ್ಕಾರದ ಅಪಾಯ ನಿಜ. ಆದರೆ ತೆರೆದ ಗಾಯ ಸೋಂಕಿಗೆ ಬಾಗಿಲು; ಉರಿಯೂತ ಹೆಚ್ಚಿಸಿ ತಿರಸ್ಕಾರಕ್ಕೂ ದಾರಿ ಮಾಡುತ್ತದೆ, ಕಾರ್ನಿಯಾ ಕರಗಿ ತೂತು ಬೀಳುವುದೂ ಉಂಟು. ಹೊಸ ಚಿಕಿತ್ಸೆಗಳು ದುಬಾರಿ ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದೇ. ಲಿಂಬಸ್ ಸುಟ್ಟ ಕಣ್ಣುಗಳ ಮಟ್ಟಿಗೆ ಅದಕ್ಕೆ ಒಳ್ಳೆಯ ಉತ್ತರ ಹೈದರಾಬಾದಿನಿಂದ ಬಂದಿದೆ: ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದರ್ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದ ವಿಧಾನದಲ್ಲಿ, ಒಂದೇ ಕಣ್ಣು ಸುಟ್ಟಿದ್ದರೆ, ಚೆನ್ನಾಗಿರುವ ಕಣ್ಣಿನ ಲಿಂಬಸ್‌ನ ಚೂರನ್ನು ಸಣ್ಣಸಣ್ಣ ತುಣುಕಾಗಿಸಿ, ಸುಟ್ಟ ಕಣ್ಣಿಗೆ ಹೊದಿಸಿದ ಆ ಗರ್ಭದ ಪೊರೆಯ ಮೇಲೆ ಹರಡುತ್ತಾರೆ. ಜೀವಕೋಶ ಬೆಳೆಸುವ ದುಬಾರಿ ಪ್ರಯೋಗಾಲಯ ಬೇಡ. ಎರಡೂ ಕಣ್ಣು ಸುಟ್ಟವರಿಗೆ ಇದು ಒದಗದು ಎಂಬ ಮಿತಿ ಉಳಿದೇ ಇದೆ.

ಕಸಿ ಮಾಡಿಸಿಕೊಂಡವರು, ಅವರ ಮನೆಯವರು ಒಂದನ್ನು ನೆನಪಿಡಬೇಕು: ನರ ಕಳೆದುಕೊಂಡ ಕಣ್ಣು ಗಾಯವಾದರೂ ನೋಯದೇ ಇರಬಹುದು. ನೋವಿಲ್ಲವೆಂದು ತಪಾಸಣೆಯ ದಿನ ತಪ್ಪಿಸಬೇಡಿ. ಕಣ್ಣು ಕೆಂಪಾದರೆ, ನೋಟ ಮಂಜಾದರೆ ಅಂದೇ ವೈದ್ಯರ ಬಳಿ ಹೋಗಿ.